ನೋಲಾಳ ಗಂಡನ ಹಂಡೆ

ಬ್ಯಾಲರಾಟಿನ ಜುಲೈ.
ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ,
ಬಾಯಿಯ ಹೊಗೆ ಯಾವುದು, ಹಂಡೆಯ ಹಬೆ ಯಾವುದು
ತಿಳಿಯದ ಬೆಳಗಿನಲ್ಲಿ
ನಾನು, ಐದು ಕೆಜಿ ಒಡೆದ ಬಾರ್ಲಿ, ಒಂದು ಥರ್ಮಾಮೀಟರು.

ಹಂಡೆ ಪಕ್ಕದ ಮನೆಯ ನೋಲಾ ಕೊಟ್ಟಿದ್ದು.
ಅವಳ ಗಂಡ ಕ್ಲೆಮ್ ತೀರಿಕೊಂಡು ಎರಡು ವರ್ಷ.
ಹಂಡೆ, ನೀಲಿ ಐಸ್‌ಪೆಟ್ಟಿಗೆ, ತಳಕ್ಕೆ ಹಾಕುವ ತೂತಿನ ತಟ್ಟೆ,
ರಬ್ಬರ್ ಕೊಳವೆ, ಕಲೆ ಹಿಡಿದ ಒಂದು ನೋಟುಪುಸ್ತಕ:
'ತಗೊಂಡು ಹೋಗು ಮಾರಾಯ್ತಿ, ಕಾಲಿಗೆ ತೊಡರುತ್ತೆ.'
ಪುಸ್ತಕದ ಮೊದಲ ಪುಟದಲ್ಲಿ, ಕೆಳಗೆ ಎರಡು ಗೆರೆ ಎಳೆದು,
ಅರವತ್ತೇಳು. ಒಂದು ಡಿಗ್ರಿಯೂ ಹೆಚ್ಚು ಬೇಡ.

ವಾರದ ಐದು ದಿನ ಆಸ್ಪತ್ರೆಯ ಲ್ಯಾಬಿನಲ್ಲಿ
ಕಣ್ಣಿಗೆ ಕಾಣದ್ದನ್ನು ಹಿಡಿದು, ಹೆಸರಿಟ್ಟು,
ಯಾವ ಮದ್ದಿಗೆ ಸಾಯುತ್ತದೆಂದು ಬರೆದುಕೊಡುವವಳು ನಾನು.
ಇವತ್ತು ಅದೇ ಕೈ
ಒಂದು ಪೊಟ್ಟಣ ಯೀಸ್ಟಿಗೆ ಅಡುಗೆಗಿಟ್ಟಿದೆ,
ಹೊಸ ಅಳಿಯ ಬರುವ ಮನೆಯ ಗಡಿಬಿಡಿಯಲ್ಲಿ.

ಈವರೆಗೆ ಡಬ್ಬದ ಪಾಕವನ್ನು ನೀರಿಗೆ ಸುರಿದು ಬಿಯರು ಅಂದವಳು.
ಅಂಗಡಿ ಪುಡಿಯ ಸಾರಿನ ಹಾಗೆ:
ತಪ್ಪೇನಿಲ್ಲ, ಹೇಳಿಕೊಳ್ಳುವಂಥದ್ದೂ ಇಲ್ಲ.
ಇದು ಕಾಳಿನಿಂದ. ಮೊಳಕೆ ಬರಿಸಿ, ಬೆಳೆಯಬಿಡದೆ ಒಣಗಿಸಿದ ಕಾಳು
ಬಿಸಿನೀರಲ್ಲಿ ಒಂದು ಗಂಟೆ ಕೂತು
ಬಚ್ಚಿಟ್ಟ ಸಿಹಿಯನ್ನು ತಾನಾಗಿ ಬಿಟ್ಟುಕೊಡಬೇಕು.
ಬಲವಂತ ಮಾಡಿದರೆ ಒಗರು.
ಉದಾಸೀನ ಮಾಡಿದರೆ ಬರೀ ಗಂಜಿ.

ಸುರಿದೆ. ಗಂಟು ಕಟ್ಟಿತು.
ಮುದ್ದೆಕೋಲಿಲ್ಲದ ದೇಶ; ಮೂಲೆಯಲ್ಲಿ ದೋಣಿಯ ಹುಟ್ಟೊಂದಿತ್ತು,
ವೆಂಡೂರೀ ಕೆರೆಯಿಂದ ಕ್ಲೆಮ್ ಎಗರಿಸಿದ್ದಿರಬೇಕು.
ಗಂಟೊಡೆದು ಗಂಟೊಡೆದು ತಿರುವಿದಂತೆ
ಎದ್ದಿತು ವಾಸನೆ, ಆಗಷ್ಟೆ ಮಣ್ಣಿ ತಿಂದ ಮಗುವಿನ ಗದ್ದದ್ದು.
ಎಪ್ಪತ್ತೊಂದು. ತಣ್ಣೀರು ಎರೆದೆ.
ಅರವತ್ತಮೂರು. ಕುದಿನೀರು ಎರೆದೆ.
ಅರವತ್ತೊಂಬತ್ತು.
ಮುಚ್ಚಳ ಹಾಕಿ, ಮೇಲೊಂದು ರಗ್ಗು ಹೊದಿಸಿ
ಸಾಕು ಕ್ಲೆಮ್, ಅಂದೆ.

ಗಂಟೆಯಾದ ಮೇಲೆ ನಲ್ಲಿ ತಿರುಗಿಸಿದರೆ
ನಾಲ್ಕು ಹನಿ. ಐದನೆಯದು ತುದಿಯಲ್ಲೇ ನಿಂತು ನನ್ನನ್ನು ನೋಡಿತು.
ಅಡಿಯಲ್ಲಿ ತಟ್ಟೆ ಜಾರಿ ಹೊಟ್ಟು ಗಂಟಲಿಗೆ ಸಿಕ್ಕಿದೆ.
ಪುಸ್ತಕ ತಿರುವಿದೆ. ಹದಿನೇಳನೇ ಪುಟ:
ಕಟ್ಟಿಕೊಂಡಿತು. ಕೊಳವೆಗೆ ಬಾಯಿಟ್ಟು ಊದಿದೆ. ನೋಲಾ ನಕ್ಕಳು.

ಲ್ಯಾಬಿನಲ್ಲಿ ಇಂಥದ್ದಕ್ಕೆ ಕೆಲಸ ಹೋಗುತ್ತದೆ.
ಮಂಡಿಯೂರಿ ಊದಿದೆ.
ಒಳಗೆಲ್ಲೋ ಗೊಳಕ್ಕೆಂದು, ತುಟಿ ಸುಟ್ಟು,
ಬಾಯ್ತುಂಬ ಸಿಹಿ;
ಮೊದಲು ಮಬ್ಬು ಮಬ್ಬು, ಆಮೇಲೆ ಧಾರೆ ತಿಳಿಯಾಗಿ ಜೇನುಬಣ್ಣ.

ಕುದಿಯುವಾಗ ಕಾದೆ, ಹಾಲಿಗೆ ಕಾಯುವ ಹಾಗೆ.
ಹಾಲೂ ಹಾಗೇ ತಾನೆ:
ನೋಡುವಷ್ಟು ಹೊತ್ತು ಸಭ್ಯ, ತಿರುಗಿದ್ದೇ ತಡ
ಒಲೆಯೆಲ್ಲ ಅದರದ್ದೇ.
ಉಕ್ಕಿದ್ದನ್ನು ಒರೆಸುತ್ತಲೇ ಹಾಪ್ಸ್ ಹಾಕಿದೆ,
ಟ್ಯಾಸ್ಮೇನಿಯಾದ ಕಹಿ, ಕಿತ್ತಳೆ ಸಿಪ್ಪೆ ಮುರಿದ ಘಮ.

ಕೊನೆಗೆ ಗಾಜಿನ ಅಳತೆಕಡ್ಡಿ ತೇಲಿಬಿಟ್ಟೆ.
ಪುಸ್ತಕದ ಲೆಕ್ಕಕ್ಕೆ ನಲವತ್ತೆಂಟು.
ನನ್ನದು ಮೂವತ್ತಾರು.
ನಮ್ಮೂರ ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು.

ಅಷ್ಟರಲ್ಲಿ ನೋಲಾ ಬಂದಳು ಬಕೆಟ್ ಹಿಡಿದು,
ಸಿಹಿ ಹಿಂಡಿ ಉಳಿದ ಕಾಳು ಅವಳ ಕೋಳಿಗಳಿಗೆ.
'ಅವನದು ಯಾವತ್ತೂ ಚೆನ್ನಾಗಿರಲಿಲ್ಲ ಕಣೆ,
ಇಪ್ಪತ್ತಾರು ವರ್ಷ ಕುಡಿದೆ' ಅಂದು
ಬಕೆಟ್ಟಿನ ಮೇಲೆ ಬಗ್ಗಿದವಳು
ಎತ್ತಲಿಲ್ಲ ಸ್ವಲ್ಪ ಹೊತ್ತು.
ಹಬೆಗೆ ಕನ್ನಡಕ ಮಂಜಾಗಿತ್ತು. ಒರೆಸಿಕೊಳ್ಳಲೂ ಇಲ್ಲ.

ಯೀಸ್ಟು ಹಾಕಿ, ಮುಚ್ಚಿ, ಮಂಚದ ಕೆಳಗೆ ತಳ್ಳಿದ್ದೇನೆ.
ಎರಡು ವಾರ ಕೇಳುವ ಹಾಗಿಲ್ಲ.
ಬೇಲಿಯಾಚೆ ಕೋಳಿಗಳು ಒಂದನ್ನೊಂದು ಕುಕ್ಕಿ
ಕತ್ತಲಾಗುವವರೆಗೆ ಜಗಳ.
ಸದ್ಯಕ್ಕೆ ಬಂದಿರುವ ತೀರ್ಪು ಅದೊಂದೇ.